ವಾರ್ಷಿಕ ವರದಿಯೂ ಊಟದ ಕೂಪನ್ನೂ: ಊರ ಸೊಸೈಟಿಯಲ್ಲಿ ಗ್ರಾಹಕರಾಗಿರುವುದು

(ಸಹಕಾರ ಸಪ್ತಾಹದ ಅಂಗವಾಗಿ ಮಲೆನಾಡಿನ ತಾಲ್ಲೂಕು ಕೇಂದ್ರವೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಕೊನೆಯಲ್ಲಿ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಸೆಪ್ಟೆಂಬರ್ ತಿಂಗಳಲ್ಲಿ ಮದುವೆ ಇಲ್ಲದಿದ್ದರೂ ನಮ್ಮ ಕಲ್ಯಾಣ ಮಂಟಪಗಳಿಗೆ ಬಿಡುವಿರುವುದಿಲ್ಲ. ಈ ಭಾನುವಾರ ಒಂದು ಸೊಸೈಟಿಯ ವಾರ್ಷಿಕ ಮಹಾಸಭೆ, ಮುಂದಿನ ಭಾನುವಾರ ಇನ್ನೊಂದರದು. ಬಾಗಿಲಲ್ಲಿ ಹಾಜರಿ ಪುಸ್ತಕ, ಸಹಿ ಹಾಕಿದವರಿಗೆ ಊಟದ ಕೂಪನ್, ಲಾಭ ಚೆನ್ನಾಗಿ ಬಂದ ವರ್ಷವಾದರೆ ಸ್ಟೀಲ್ ಡಬ್ಬಿಯೋ ಗೋಡೆ ಗಡಿಯಾರವೋ. ಜೊತೆಗೆ ಒಂದು ಪುಸ್ತಿಕೆ. ಅದರಲ್ಲಿ ಸಂಸ್ಥಾಪಕರ ಭಾವಚಿತ್ರ, ಅಧ್ಯಕ್ಷರ ಮಾತು, ಜಮಾ ಖರ್ಚು, ಆಸ್ತಿ-ಜವಾಬ್ದಾರಿ ತಃಖ್ತೆ, ಲೆಕ್ಕಪರಿಶೋಧಕರ ವರದಿ ಎಲ್ಲವೂ ಇರುತ್ತವೆ. ಊಟವಾದ ಮೇಲೆ ಡಬ್ಬಿ ಮನೆಗೆ ಹೋಗುತ್ತದೆ, ಪುಸ್ತಿಕೆ ಕುರ್ಚಿಯ ಮೇಲೆಯೇ ಉಳಿಯುತ್ತದೆ. ಸಹಕಾರ ಸಂಘಗಳ ಲೆಕ್ಕ ನೋಡುವುದರಲ್ಲಿಯೇ ನೌಕರಿ ಮುಗಿಸಿದ ನನ್ನಂಥವನಿಗೆ ಆ ಕುರ್ಚಿಗಳ ಸಾಲು ಕಂಡರೆ ಹೊಟ್ಟೆ ಉರಿಯುತ್ತದೆ.

ಊರ ಸೊಸೈಟಿಯೊಡನೆ ಹಣಕಾಸಿನ ವ್ಯವಹಾರ ಮಾಡುವ ಜನರ ಅನುಭವ ಹೇಗಿದೆ ಎಂಬುದನ್ನು ಮಾತನಾಡಿ ಎಂದು ಸಂಘಟಕರು ಕೇಳಿದ್ದಾರೆ. ಈ ಗ್ರಾಹಕ ಬೇರೆ ಬ್ಯಾಂಕಿನ ಗ್ರಾಹಕನಂತಲ್ಲ. ಅವನು ಮಾಲೀಕನೂ ಹೌದು. ಹತ್ತು ಷೇರು ಇದ್ದರೂ ಸಾವಿರ ಷೇರು ಇದ್ದರೂ ಅವನಿಗಿರುವುದು ಒಂದೇ ಮತ. ಆದರೆ ಕೌಂಟರಿನ ಈಚೆ ನಿಂತಾಗ ಅವನಿಗೆ ಸಿಗುವ ಸುಖವೂ ಸಂಕಟವೂ ಒಂದೇ ಕಡೆಯಿಂದ ಬರುತ್ತವೆ. ಅದು ಪರಿಚಯ. ಅವರು ನಮ್ಮನ್ನು ಬಲ್ಲರು ಎಂದು ಸೊಸೈಟಿಗೆ ಹೋಗುತ್ತೇವೆ. ಅವರನ್ನು ನಾವು ಬಲ್ಲೆವು ಎಂದು ಏನನ್ನೂ ಕೇಳದೆ ಮರಳುತ್ತೇವೆ. ಈ ಎರಡನೆಯದರ ಬಗ್ಗೆಯೇ ನನ್ನ ತಕರಾರು.

ಮೊದಲು ಸುಖದ ಮಾತು. ಆಸ್ಪತ್ರೆಯ ಖರ್ಚಿಗೆ ಬಳೆ ಅಡವಿಡಲು ಬಂದ ಹೆಂಗಸನ್ನು ಗಮನಿಸಿ. ಸರಾಫರು ಒರೆಗಲ್ಲಿಗೆ ತಿಕ್ಕಿ, ತೂಕ ಹಾಕಿ, ಚೀಟಿ ಬರೆದುಕೊಡುತ್ತಾರೆ. ಅರ್ಜಿ ಕನ್ನಡದಲ್ಲಿದೆ. ತುಂಬಲು ಬಾರದಿದ್ದರೆ ಗುಮಾಸ್ತರೇ ತುಂಬುತ್ತಾರೆ. ಅರ್ಧ ಗಂಟೆಯಲ್ಲಿ ಹಣ ಕೈಯಲ್ಲಿರುತ್ತದೆ. ದೊಡ್ಡ ಬ್ಯಾಂಕಿನಲ್ಲಿ ಬಡ್ಡಿ ಒಂದೆರಡು ಶೇಕಡಾ ಕಡಿಮೆ ಇರಬಹುದು. ಆದರೆ ಅಲ್ಲಿ ಹೊರ ರಾಜ್ಯದಿಂದ ವರ್ಗವಾಗಿ ಬಂದ ಅಧಿಕಾರಿಗೆ ತನ್ನ ಕಷ್ಟವನ್ನು ಯಾವ ಭಾಷೆಯಲ್ಲಿ ಹೇಳಬೇಕು ಎಂಬುದೇ ಅವಳಿಗೆ ಚಿಂತೆ. ಸೊಸೈಟಿಯ ಕಾರ್ಯದರ್ಶಿಗೆ ಅವಳ ಗಂಡ ಯಾರು, ಅತ್ತೆ ಯಾವ ವಾರ್ಡಿನಲ್ಲಿ ಮಲಗಿದ್ದಾರೆ ಎಂಬುದೆಲ್ಲ ಗೊತ್ತು.

ಇನ್ನು ಪಿಗ್ಮಿ. ಇದು ಹುಟ್ಟಿದ್ದು ಸಹಕಾರ ಸಂಘದಲ್ಲಿ ಅಲ್ಲ. ಉಡುಪಿಯ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್, ಅಂದರೆ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ, 1928ರಲ್ಲಿ ಇದನ್ನು ಆರಂಭಿಸಿತು. ಏಜೆಂಟ್ ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ಸಂಗ್ರಹಿಸುತ್ತಿದ್ದ. ಇವತ್ತು ನಮ್ಮ ಸೊಸೈಟಿಗಳ ಬೆನ್ನೆಲುಬೇ ಅದು. ಹೂವಿನ ಅಂಗಡಿಯವರು, ಕ್ಷೌರದಂಗಡಿಯವರು, ಕ್ಯಾಂಟೀನಿನವರು ಸಂಜೆಯ ಗಲ್ಲಾಪೆಟ್ಟಿಗೆಯಿಂದ ಐವತ್ತೋ ನೂರೋ ತೆಗೆದು ಏಜೆಂಟರ ಕೈಗೆ ಕೊಡುತ್ತಾರೆ. ಬಡ್ಡಿ ಹೆಚ್ಚೇನೂ ಇಲ್ಲ, ಅವಧಿಗೆ ಮೊದಲು ತೆಗೆದರೆ ಕಮಿಷನ್ ಮುರಿದುಕೊಳ್ಳುತ್ತಾರೆ. ಎಲ್ಲ ಗೊತ್ತಿದ್ದೂ ಕಟ್ಟುತ್ತಾರೆ. ಏಕೆಂದು ಕೇಳಿದರೆ ಬರುವ ಉತ್ತರ ಹೆಚ್ಚು ಕಡಿಮೆ ಒಂದೇ: ‘ಅವರು ಬಾರದಿದ್ದರೆ ಈ ದುಡ್ಡು ಉಳಿಯುತ್ತಲೇ ಇರಲಿಲ್ಲ.’ ಅವರು ಕೊಳ್ಳುತ್ತಿರುವುದು ಬಡ್ಡಿಯನ್ನಲ್ಲ, ದಿನವೂ ತಪ್ಪದೆ ಬಂದು ಕೈ ಚಾಚುವ ಒಬ್ಬ ಮನುಷ್ಯನನ್ನು. ಮುಂದೆ ಮಗಳ ಕಾಲೇಜಿಗೆ ಸೊಸೈಟಿ ಸಾಲ ಕೊಡುವಾಗ ನೋಡುವುದು ಆ ಪಿಗ್ಮಿ ಕಾರ್ಡನ್ನೇ. ಆದಾಯ ತೆರಿಗೆಯ ಕಾಗದ ಇಲ್ಲದವರಿಗೆ ಅದೇ ಯೋಗ್ಯತಾಪತ್ರ.

ಕಂತಿನ ವಿಷಯದಲ್ಲಿಯೂ ಹಾಗೆಯೇ. ಅಡಿಕೆ ಸುಲಿದು, ಬೇಯಿಸಿ, ಒಣಗಿಸಿ, ಮಂಡಿಗೆ ಹಾಕುವವರೆಗೆ ಬೆಳೆಗಾರನ ಕೈಯಲ್ಲಿ ಹಣವಿರುವುದಿಲ್ಲ. ತಿಂಗಳ ಐದನೇ ತಾರೀಖಿಗೆ ಕಂತು ಎಂದು ಕಂಪ್ಯೂಟರಿನಲ್ಲಿ ಕೂತ ನಿಯಮಕ್ಕೆ ಇದು ತಿಳಿಯದು, ಸೊಸೈಟಿಗೆ ತಿಳಿಯುತ್ತದೆ. ಹಳ್ಳಿಯ ಸದಸ್ಯರಿಗೆ ಇನ್ನೊಂದು ಲಾಭವೂ ಸಿಕ್ಕಿತು. 2003ರಲ್ಲಿ ಆರಂಭವಾಗಿ, ನಡುವೆ ನಿಂತು, 2022-23ರಲ್ಲಿ ಮತ್ತೆ ಜಾರಿಗೆ ಬಂದ ಯಶಸ್ವಿನಿ ಆರೋಗ್ಯ ಯೋಜನೆ ತಲುಪಿದ್ದು ಸಹಕಾರ ಸಂಘದ ಸದಸ್ಯತ್ವದ ಮೂಲಕ. ಶಸ್ತ್ರಚಿಕಿತ್ಸೆಯ ದಿನವೇ ಷೇರಿನ ಬೆಲೆ ಅರಿತವರು ಹಲವರಿದ್ದಾರೆ.

ಈ ಪರಿಚಯ ಎಲ್ಲಿಂದ ಬಂತು? ಒಂದೂಕಾಲು ಶತಮಾನ ಹಿಂದಕ್ಕೆ ಹೋಗಬೇಕು. 1904ರಲ್ಲಿ ಬ್ರಿಟಿಷ್ ಸರ್ಕಾರ ಪತ್ತಿನ ಸಹಕಾರ ಸಂಘಗಳ ಕಾಯ್ದೆ ತಂದಿತು. ಮರುವರ್ಷವೇ, 1905ರಲ್ಲಿ, ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ಕರಾವಳಿಯ ಪುತ್ತೂರಿನಲ್ಲಿ ಮೊಳಹಳ್ಳಿ ಶಿವರಾಯರು 1909ರಲ್ಲಿ ಅಲ್ಲಿನ ಸಂಘಕ್ಕೆ ಅಡಿಪಾಯ ಹಾಕಿದರು. ಈ ಇಬ್ಬರ ಭಾವಚಿತ್ರಗಳಿಗೆ ಇಂಥ ಸಪ್ತಾಹಗಳಲ್ಲಿ ನಾವು ಹೂಮಾಲೆ ಹಾಕುತ್ತೇವೆ. ಅವರ ಕಾಲದ ಕಾನೂನಿನಲ್ಲಿದ್ದ ಒಂದು ಅಂಶವನ್ನು ಮಾತ್ರ ಯಾವ ಭಾಷಣದಲ್ಲಿಯೂ ಹೇಳುವುದಿಲ್ಲ. 1904ರ ಕಾಯ್ದೆಯ ಪ್ರಕಾರ ಹಳ್ಳಿಯ ಸಂಘಗಳ ಸದಸ್ಯರ ಹೊಣೆಗೆ ಮಿತಿ ಇರಲಿಲ್ಲ. ಸಂಘ ಮುಳುಗಿದರೆ ಪ್ರತಿಯೊಬ್ಬ ಸದಸ್ಯನ ಮನೆ, ಹೊಲ, ಎತ್ತು ಸಂಘಕ್ಕೆ ಸಾಲ ಕೊಟ್ಟವರ ಕೈಗೆ ಸಿಕ್ಕಬಹುದಿತ್ತು. ಜರ್ಮನಿಯಲ್ಲಿ ರೈಫೈಸನ್ ಎಂಬವರು ಕಟ್ಟಿದ ಹಳ್ಳಿಯ ಪತ್ತಿನ ಸಂಘಗಳ ಮಾದರಿಯಿಂದ ಬಂದ ನಿಯಮವಿದು.

ಇದರ ಪರಿಣಾಮ ಊಹಿಸಿ. ನೆರೆಯವನು ಎತ್ತು ಕೊಳ್ಳಲು ಐವತ್ತು ರೂಪಾಯಿ ಸಾಲ ಕೇಳಿದ. ಎತ್ತು ನಿಜವಾಗಿ ಹಟ್ಟಿಗೆ ಬಂತೇ, ಅಥವಾ ಹಣ ಮದುವೆಯ ಚಪ್ಪರಕ್ಕೆ ಹೋಯಿತೇ ಎಂದು ಊರೇ ಕಣ್ಣಿಟ್ಟು ನೋಡುತ್ತಿತ್ತು, ಏಕೆಂದರೆ ಎಲ್ಲರ ಹೊಲವೂ ಒತ್ತೆಯಲ್ಲಿತ್ತು. ಪರಿಚಯ ಆಗ ಸಲುಗೆಯಾಗಿರಲಿಲ್ಲ, ಕಾವಲಾಗಿತ್ತು. ಆಮೇಲೆ ಪರಿಮಿತ ಹೊಣೆ ಬಂತು. ಬರಲೇಬೇಕಿತ್ತು, ಹಳೆಯ ನಿಯಮ ಬಡವರಿಗೆ ಭಯಂಕರವಾದದ್ದು. ಈಗ ಸಂಘ ಮುಳುಗಿದರೆ ಸದಸ್ಯನಾಗಿ ನಾನು ಕಳೆದುಕೊಳ್ಳುವುದು ನನ್ನ ಷೇರು ಹಣವನ್ನು ಮಾತ್ರ. ಹೀಗೆ ಕಾವಲು ಹೋಯಿತು, ಸಲುಗೆ ಉಳಿಯಿತು. ಆದರೆ ಅದೇ ಸದಸ್ಯ ತನ್ನ ನಿವೃತ್ತಿಯ ಹಣವನ್ನೂ ಅಲ್ಲಿಯೇ ಠೇವಣಿ ಇಟ್ಟಿರುತ್ತಾನಲ್ಲ, ಆ ಹೊಣೆಗೆ ಮಿತಿ ಹಾಕಿದವರು ಯಾರು?

ಈಗ ಸಂಕಟದ ಮಾತಿಗೆ ಬರೋಣ. ಸಣ್ಣವನ್ನು ಬೇಗ ಮುಗಿಸುತ್ತೇನೆ. ಮೊಬೈಲಿನಲ್ಲಿ ಹಣ ಕಳಿಸಲಾಗುವುದಿಲ್ಲ, ಎಟಿಎಂ ಕಾರ್ಡ್ ಇಲ್ಲ, ಬೇರೆ ಊರಿಗೆ ಹಣ ಹೋಗಬೇಕಾದರೆ ಸೊಸೈಟಿ ಖಾತೆ ಹೊಂದಿರುವ ಇನ್ನೊಂದು ಬ್ಯಾಂಕಿನ ಮೂಲಕವೇ ಹೋಗಬೇಕು ಎಂಬ ದೂರುಗಳು ನಿಜ. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸರ್ಕಾರ 2022ರಲ್ಲಿ ಒಪ್ಪಿದ ಯೋಜನೆಯ ಗಾತ್ರವೇ 2,516 ಕೋಟಿ ರೂಪಾಯಿ. ನಿಧಾನವಾಗಿಯಾದರೂ ಈ ಕೊರತೆ ತುಂಬೀತು.

ಸೊಸೈಟಿ ಬೇರೊಬ್ಬರನ್ನು ಆಶ್ರಯಿಸಿ ನಿಂತಿದೆ ಎಂಬುದು ಹಳ್ಳಿಯವರಿಗೆ ಕಹಿಯಾಗಿ ತಿಳಿದದ್ದು 2016ರಲ್ಲಿ. ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟು ರದ್ದಾದವು. 14ರಂದು ರಿಸರ್ವ್ ಬ್ಯಾಂಕ್, ಜಿಲ್ಲಾ ಕೇಂದ್ರ ಸಹಕಾರ ಬ್ಯಾಂಕುಗಳು ಆ ನೋಟುಗಳನ್ನು ಜಮಾ ಮಾಡಿಕೊಳ್ಳಬಾರದು, ಬದಲಿಸಿಕೊಡಲೂ ಬಾರದು ಎಂದು ಆದೇಶಿಸಿತು. ಹಳ್ಳಿಯ ಸಂಘದ ಹಣವೆಲ್ಲ ಆ ಬ್ಯಾಂಕುಗಳ ಮೂಲಕವೇ ಓಡಾಡುವಂಥದ್ದು. ಬೆಳೆಸಾಲ ತೀರಿಸಲು ನೋಟಿನ ಕಟ್ಟು ಹಿಡಿದು ಬಂದ ರೈತನಿಗೆ ಕಾರ್ಯದರ್ಶಿ ಕೈಮುಗಿಯುವುದರ ಹೊರತು ಬೇರೆ ದಾರಿ ಇರಲಿಲ್ಲ. ಅಕ್ರಮ ಹಣ ಸಹಕಾರ ಬ್ಯಾಂಕಿನೊಳಗೆ ನುಗ್ಗಬಾರದು ಎಂಬ ಎಚ್ಚರಿಕೆಗೆ ಅರ್ಥವಿರಬಹುದು. ಆದರೆ ಅದರ ಬಿಸಿ ತಾಗಿದ್ದು ಒಂದೇ ಪಾಸ್‌ಬುಕ್ ಇದ್ದವರಿಗೆ.

ಇನ್ನು ಜಾಮೀನು. ಸೊಸೈಟಿಯ ಸಾಲ ನಿಂತಿರುವುದು ಇಬ್ಬರು ಜಾಮೀನುದಾರರ ಸಹಿಯ ಮೇಲೆ. ‘ಸುಮ್ಮನೆ ಒಂದು ಸಹಿ ಹಾಕು ಮಾರಾಯ’ ಎಂದು ಕರೆದುಕೊಂಡು ಬರುತ್ತಾರೆ. ಸುಮ್ಮನೆ ಎಂಬುದು ಅಲ್ಲಿ ಏನೂ ಇಲ್ಲ. ಸಾಲಗಾರ ಕಟ್ಟದಿದ್ದರೆ ಸಂಘ ಮೊದಲು ಅವನನ್ನೇ ಹಿಡಿಯಬೇಕೆಂದಿಲ್ಲ, ನೌಕರಿ ಇರುವ ಜಾಮೀನುದಾರನ ಸಂಬಳಕ್ಕೆ ನೇರವಾಗಿ ಕೈ ಹಾಕಬಹುದು. ಲೆಕ್ಕಪರಿಶೋಧನೆಗೆ ಹೋದ ಕಡೆ ಶಾಲಾ ಶಿಕ್ಷಕರು, ಅಂಚೆಯವರು, ಬಸ್ ಕಂಡಕ್ಟರುಗಳು ನೋಟಿಸ್ ಹಿಡಿದು ಬಂದು, ‘ಸಾಲ ತಿಂದವನು ಹೊಸ ಬೈಕಿನಲ್ಲಿ ಓಡಾಡುತ್ತಿದ್ದಾನೆ, ನನ್ನ ಸಂಬಳ ಹಿಡಿಯುತ್ತಿದ್ದೀರಿ’ ಎಂದು ಗೋಳಾಡುವುದನ್ನು ಕಂಡಿದ್ದೇನೆ. ಕಾನೂನು ಸಂಘದ ಪರವಾಗಿದೆ. ಮುರಿಯುವುದು ಸ್ನೇಹ. ಅಣ್ಣತಮ್ಮಂದಿರ ನಡುವೆ ಮಾತು ನಿಂತ ಮನೆಗಳಲ್ಲಿ ವಿಚಾರಿಸಿದರೆ, ಆಸ್ತಿಯ ಪಾಲಿನ ಜಗಳದಷ್ಟೇ ಸಲ ಜಾಮೀನಿನ ಕಥೆಯೂ ಹೊರಬರುತ್ತದೆ.

ಸಾಲದ ನಿಜವಾದ ಬೆಲೆಯನ್ನೂ ಗ್ರಾಹಕರು ಲೆಕ್ಕ ಹಾಕುವುದಿಲ್ಲ. ಒಂದು ಲಕ್ಷ ಸಾಲ, ಶೇಕಡಾ 13 ಬಡ್ಡಿ ಅಂದುಕೊಳ್ಳಿ. ಸಾಲದ ಶೇಕಡಾ 5ರಷ್ಟು ಷೇರು ಕೊಳ್ಳಬೇಕೆಂಬ ನಿಯಮವಿದ್ದರೆ ಐದು ಸಾವಿರ ಅಲ್ಲಿಯೇ ಮುರಿದುಹೋಗುತ್ತದೆ. ಕೈಗೆ ಬರುವುದು ತೊಂಬತ್ತೈದು ಸಾವಿರ, ಬಡ್ಡಿ ಒಂದು ಲಕ್ಷಕ್ಕೆ. ಹೀಗೆ ನೋಡಿದರೆ ವರ್ಷದ ಬಡ್ಡಿ ಹದಿಮೂರೂವರೆಗಿಂತ ಮೇಲೆ ಹೋಯಿತು. ಷೇರಿಗೆ ಲಾಭಾಂಶ ಬಂದರೆ ಸ್ವಲ್ಪ ಇಳಿಯುತ್ತದೆ, ಒಪ್ಪುತ್ತೇನೆ. ಸಾಲ ತೀರಿದ ಮೇಲೆ ಆ ಷೇರು ಹಣದ ಗತಿ ಏನು ಎಂದು ಕೇಳುವವರು ಕಡಿಮೆ. ಕೇಳದಿದ್ದರೆ ಅದು ಅಲ್ಲಿಯೇ ಇರುತ್ತದೆ.

ಪರಿಚಯದ ಇನ್ನೊಂದು ಮುಖ ಬಾಗಿಲಿನ ಅಗಲ. ಕೃಷಿ ಪತ್ತಿನ ಸಂಘದಲ್ಲಿ ಬೆಳೆಸಾಲಕ್ಕೆ ಪಹಣಿ ಬೇಕು. ಹೊಲದಲ್ಲಿ ದಿನವಿಡೀ ದುಡಿಯುವ ಹೆಂಗಸಿನ ಹೆಸರು ಪಹಣಿಯಲ್ಲಿ ಇರುವುದಿಲ್ಲ, ಗೇಣಿಗೆ ಉಳುವವನ ಹೆಸರೂ ಇರುವುದಿಲ್ಲ. ಪೇಟೆಯ ಸಂಘಗಳಲ್ಲಿ ಹಲವು ಒಂದೊಂದು ಸಮುದಾಯದ ಆಸರೆಯಲ್ಲಿ ಬೆಳೆದವು. ತಮ್ಮವರನ್ನು ಲೇವಾದೇವಿಯವರ ಬಾಯಿಂದ ಬಿಡಿಸಿದ ಕೀರ್ತಿ ಅವಕ್ಕಿದೆ. ಆ ಸಮುದಾಯದವರಲ್ಲದ ಅರ್ಜಿದಾರನಿಗೆ ಬಂಗಾರದ ಸಾಲ ಕೂಡಲೇ ಸಿಗುತ್ತದೆ, ಬರಿಯ ಜಾಮೀನಿನ ಸಾಲ ಮಾತ್ರ ‘ಮುಂದಿನ ಮೀಟಿಂಗಿಗೆ ಇಡುತ್ತೇವೆ’ ಎಂದು ಮುಂದೆ ಹೋಗುತ್ತಿರುತ್ತದೆ. ಬಂಗಾರಕ್ಕೆ ಪರಿಚಯ ಬೇಡ ನೋಡಿ. ಸ್ತ್ರೀಶಕ್ತಿ ಗುಂಪುಗಳು, ಸ್ವಸಹಾಯ ಸಂಘಗಳು ಇಷ್ಟು ವೇಗವಾಗಿ ಬೆಳೆದದ್ದಕ್ಕೆ ಈ ಕಿರಿದಾದ ಬಾಗಿಲೂ ಒಂದು ಕಾರಣ ಎಂದು ನಾನು ತಿಳಿದಿದ್ದೇನೆ.

ಈಗ ಎಲ್ಲಕ್ಕಿಂತ ಮುಖ್ಯವಾದ ವಿಷಯ, ಠೇವಣಿಯ ಭದ್ರತೆ. ಇಲ್ಲಿ ಬೋರ್ಡನ್ನು ಪೂರ್ತಿ ಓದಬೇಕು. ‘ಸಹಕಾರ ಬ್ಯಾಂಕ್’ ಎಂದಿದ್ದು ರಿಸರ್ವ್ ಬ್ಯಾಂಕಿನ ಪರವಾನಗಿ ಇದ್ದರೆ ಅದೊಂದು ಬಗೆ. 1966ರಿಂದ ಇಂಥ ಬ್ಯಾಂಕುಗಳ ಮೇಲೆ ರಾಜ್ಯದ ಸಹಕಾರ ಇಲಾಖೆಯ ಜೊತೆಗೆ ರಿಸರ್ವ್ ಬ್ಯಾಂಕಿನ ಕಣ್ಣೂ ಇದೆ. ಅಲ್ಲಿನ ಠೇವಣಿಗೆ ವಿಮೆ ಇದೆ. 2020ರ ಫೆಬ್ರವರಿ 4ರಿಂದ ಒಬ್ಬ ಠೇವಣಿದಾರನಿಗೆ, ಒಂದು ಬ್ಯಾಂಕಿನ ಎಲ್ಲ ಶಾಖೆಗಳೂ ಸೇರಿ, ಅಸಲು ಬಡ್ಡಿ ಎರಡೂ ಕೂಡಿ 5 ಲಕ್ಷದವರೆಗೆ. ಅದಕ್ಕೆ ಮೊದಲು 1 ಲಕ್ಷವಿತ್ತು. ‘ಪತ್ತಿನ ಸಹಕಾರ ಸಂಘ’ ಎಂದಿದ್ದರೆ ಅದು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯಡಿ ಬರುತ್ತದೆ. ‘ಸೌಹಾರ್ದ’ ಎಂದಿದ್ದರೆ ಸಾಮಾನ್ಯವಾಗಿ 1997ರ ಸೌಹಾರ್ದ ಕಾಯ್ದೆಯಡಿ. ಪತ್ತಿನ ಸಂಘಗಳ ಠೇವಣಿಗೂ, ಬ್ಯಾಂಕ್ ಪರವಾನಗಿ ಇಲ್ಲದ ಸೌಹಾರ್ದಗಳ ಠೇವಣಿಗೂ ಆ ವಿಮೆ ಅನ್ವಯಿಸುವುದಿಲ್ಲ. ಒಳಗೆ ಹೋದರೆ ಅದೇ ಗಾಜಿನ ಕೌಂಟರ್, ಅದೇ ಪಾಸ್‌ಬುಕ್, ಅದೇ ಲಕ್ಷ್ಮಿಯ ಪಟ. ಗ್ರಾಹಕನಿಗೆ ಎಲ್ಲವೂ ಬ್ಯಾಂಕೇ. ಕೆಲವು ಸಂಘಗಳು ಹೆಸರಿನಲ್ಲಿ ಬ್ಯಾಂಕ್ ಎಂಬ ಪದ ಬಳಸುತ್ತಿವೆ, ಅವುಗಳ ಠೇವಣಿಗೆ ವಿಮೆ ಇಲ್ಲ ಎಂದು 2021ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕೇ ಸಾರ್ವಜನಿಕರನ್ನು ಎಚ್ಚರಿಸಬೇಕಾಯಿತು.

ವಿಮೆ ಇದ್ದ ಕಡೆಯೂ ನೋವು ತಪ್ಪಲಿಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಮುಂಬಯಿಯ ಪಂಜಾಬ್ ಅಂಡ್ ಮಹಾರಾಷ್ಟ್ರ ಸಹಕಾರ ಬ್ಯಾಂಕಿನ ಠೇವಣಿದಾರರಿಗೆ ಮೊದಲು ತೆಗೆಯಲು ಬಿಟ್ಟದ್ದು ಸಾವಿರ ರೂಪಾಯಿ. ಅದನ್ನು ಟಿವಿಯಲ್ಲಿ ನೋಡಿ ನಾವು ಅಯ್ಯೋ ಎಂದೆವು. 2020ರ ಜನವರಿಯಲ್ಲಿ ಅದೇ ಸಂಕಟ ಬೆಂಗಳೂರಿನ ಬಸವನಗುಡಿಗೇ ಬಂತು. ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿತು, ಮೊದಲಿಗೆ ತಲಾ 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿರಲಿಲ್ಲ. ಅಲ್ಲಿ ಸಾಲಿನಲ್ಲಿ ನಿಂತವರಲ್ಲಿ ಅನೇಕರು ನಿವೃತ್ತರು, ಲೆಕ್ಕ ಬಲ್ಲವರು, ಪತ್ರಿಕೆ ಓದುವವರು. ಬಡ್ಡಿ ಸ್ವಲ್ಪ ಹೆಚ್ಚಿತ್ತು, ನಡೆಸುವವರು ನಮ್ಮವರು ಎಂಬ ನಂಬಿಕೆ ಇತ್ತು. 2021ರಲ್ಲಿ ಠೇವಣಿ ವಿಮಾ ಕಾಯ್ದೆಗೆ ತಿದ್ದುಪಡಿಯಾಗಿ, ಇಂಥ ನಿರ್ಬಂಧ ಬಿದ್ದ 90 ದಿನಗಳೊಳಗೆ 5 ಲಕ್ಷದವರೆಗಿನ ಹಣ ಕೊಡುವ ದಾರಿ ತೆರೆಯಿತು. ಈ ತಿದ್ದುಪಡಿಯ ಹಿಂದೆ ಠೇವಣಿದಾರರು ಬೀದಿಗಿಳಿದು ಎಬ್ಬಿಸಿದ ಕೂಗಿದೆ.

ಅಮೆರಿಕದಲ್ಲಿರುವ ನಮ್ಮ ಹುಡುಗರು ಅಲ್ಲಿನ ಕ್ರೆಡಿಟ್ ಯೂನಿಯನ್ನುಗಳ ಬಗ್ಗೆ ಹೇಳುತ್ತಿರುತ್ತಾರೆ. ನಮ್ಮ ಸೊಸೈಟಿಯ ದಾಯಾದಿಗಳೇ ಅವು: ಸದಸ್ಯರೇ ಮಾಲೀಕರು, ಒಬ್ಬರಿಗೆ ಒಂದೇ ಮತ. ವ್ಯತ್ಯಾಸವೆಂದರೆ 1970ರಿಂದ ಅಲ್ಲಿ ಕ್ರೆಡಿಟ್ ಯೂನಿಯನ್ನುಗಳಿಗೆಂದೇ ರಾಷ್ಟ್ರಮಟ್ಟದ ವಿಮಾ ವ್ಯವಸ್ಥೆಯಿದೆ, ಈಗ ಸದಸ್ಯನಿಗೆ ಎರಡೂವರೆ ಲಕ್ಷ ಡಾಲರಿನವರೆಗೆ ಭದ್ರತೆ. ನಮ್ಮ ಪತ್ತಿನ ಸಂಘಗಳಿಗೂ ಅಂಥದೊಂದು ಏಕೆ ಬೇಡ ಎಂದು ಸಹಕಾರ ಸಪ್ತಾಹದ ಯಾವ ವೇದಿಕೆಯಲ್ಲಿಯೂ ಕೇಳಿಬರುವುದಿಲ್ಲ. ಶಾಲು ಹೊದಿಸಲು ಸಮಯ ಬೇಕಲ್ಲ.

ಹಾಗಾದರೆ ಗ್ರಾಹಕ ಏನು ಮಾಡಬೇಕು? ಕುರ್ಚಿಯ ಮೇಲೆ ಬಿಟ್ಟುಬಂದ ಆ ಪುಸ್ತಿಕೆಯನ್ನು ತೆರೆಯಬೇಕು. ಪೂರ್ತಿ ಓದಬೇಕಾಗಿಲ್ಲ. ಸುಸ್ತಿ ಸಾಲ, ಅಂದರೆ ಗಡುವು ಮೀರಿದರೂ ತೀರದ ಸಾಲ, ಎಷ್ಟು ಎಂದು ಮೊದಲು ನೋಡಿ, ಹಿಂದಿನ ವರ್ಷದ ಅಂಕಿ ಪಕ್ಕದಲ್ಲಿಯೇ ಇರುತ್ತದೆ. ಲೆಕ್ಕಪರಿಶೋಧನಾ ವರ್ಗ ‘ಎ’ಯಿಂದ ‘ಬಿ’ಗೆ, ‘ಬಿ’ಯಿಂದ ‘ಸಿ’ಗೆ ಇಳಿದಿದೆಯೇ ನೋಡಿ. ಆಡಳಿತ ಮಂಡಳಿಯವರಿಗೂ ಅವರ ಬಂಧುಗಳಿಗೂ ಕೊಟ್ಟ ಸಾಲದ ಪಟ್ಟಿ ಇದೆಯೇ ಎಂದು ಕೇಳಿ.

ಇನ್ನೊಂದು ಸಾಲಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಮೋಸ ಅಡಗುವುದು ಅಲ್ಲಿ. ಆಸ್ತಿಯ ಕಡೆ ‘ಬರತಕ್ಕ ಬಡ್ಡಿ’ ಎಂದಿರುತ್ತದೆ. ಸಾಲಗಾರರು ಕೊಡಬೇಕಾದ, ಇನ್ನೂ ಕೊಡದ ಬಡ್ಡಿ ಅದು. ಅದನ್ನೂ ಆದಾಯವೆಂದು ಬರೆದು, ಸುಸ್ತಿ ಬಿದ್ದ ಭಾಗಕ್ಕೆ ಸಾಕಷ್ಟು ಹಣ ತೆಗೆದಿಡದೆ ಇದ್ದರೆ ಕಾಗದದ ಮೇಲೆ ಲಾಭ ಹುಟ್ಟುತ್ತದೆ. ಆ ಲಾಭದ ಆಧಾರದ ಮೇಲೆ ಲಾಭಾಂಶ ಘೋಷಿಸುತ್ತಾರೆ, ಸಭೆ ಚಪ್ಪಾಳೆ ತಟ್ಟುತ್ತದೆ. ಬಾರದ ಬಡ್ಡಿಯನ್ನು ಹಂಚಲು ನಗದು ಎಲ್ಲಿಂದ ಬರಬೇಕು? ಠೇವಣಿಯಿಂದ. ಅಂದರೆ ನಿಮ್ಮ ಹಣವನ್ನೇ ನಿಮಗೆ ಲಾಭಾಂಶವೆಂದು ಕೊಟ್ಟು, ಒಂದು ಡಬ್ಬಿಯನ್ನೂ ಕೊಟ್ಟು ಕಳಿಸುತ್ತಾರೆ. ‘ಬರತಕ್ಕ ಬಡ್ಡಿ’ ವರ್ಷದಿಂದ ವರ್ಷಕ್ಕೆ ಸಾಲಕ್ಕಿಂತ ವೇಗವಾಗಿ ಬೆಳೆಯುತ್ತಿದ್ದರೆ ಅನುಮಾನ ಪಡಿ.

ಮಾರ್ಚ್ ತಿಂಗಳ ಆಟವೂ ಇದರ ನೆಂಟನೇ. ವರ್ಷದ ಕೊನೆಯ ವಾರ ಸಾಲವೆಲ್ಲ ತೀರಿದಂತೆ ಕಾಣುತ್ತದೆ, ಏಪ್ರಿಲ್ ಮೊದಲ ವಾರ ಅದೇ ಹೆಸರುಗಳಿಗೆ ಅಷ್ಟೇ ಮೊತ್ತ ಹೊಸ ಸಾಲ. ಇದರಲ್ಲಿ ಗ್ರಾಹಕರೂ ಪಾಲುದಾರರು. ನಿಗದಿತ ಮಿತಿಯವರೆಗಿನ ಬೆಳೆಸಾಲಕ್ಕೆ ನಮ್ಮ ರಾಜ್ಯದಲ್ಲಿ ಬಡ್ಡಿ ಇಲ್ಲ, 2023ರ ಬಜೆಟ್ಟಿನಲ್ಲಿ ಆ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸುವ ಘೋಷಣೆಯಾಯಿತು. ಆದರೆ ಗಡುವಿನೊಳಗೆ ಕಟ್ಟಿದರೆ ಮಾತ್ರ ಆ ರಿಯಾಯಿತಿ. ಕೈಯಲ್ಲಿ ಹಣವಿಲ್ಲದ ರೈತ ಕೆಲವು ದಿನಗಳ ಮಟ್ಟಿಗೆ ಖಾಸಗಿಯವರಿಂದ ಕೈಸಾಲ ತಂದು ಕಟ್ಟುತ್ತಾನೆ, ಹೊಸ ಸಾಲ ಮಂಜೂರಾದ ಕೂಡಲೇ ಅದನ್ನು ತೀರಿಸುತ್ತಾನೆ. ಶೂನ್ಯ ಬಡ್ಡಿಯ ಸಾಲ ಉಳಿಸಿಕೊಳ್ಳಲು ಬಡ್ಡಿ ತೆರುತ್ತಾನೆ. ಲೇವಾದೇವಿಯವನಿಂದ ರೈತನನ್ನು ಬಿಡಿಸಲು ಹುಟ್ಟಿದ ಸಂಘದ ಹೊಸ್ತಿಲಲ್ಲಿಯೇ ಲೇವಾದೇವಿಯವನಿಗೆ ವರ್ಷಕ್ಕೊಮ್ಮೆ ಸುಗ್ಗಿ. ರೈತನನ್ನು ನಾನು ದೂರುವುದಿಲ್ಲ. ಗಡುವು ಬೆಳೆಯ ಕಾಲಕ್ಕೆ ಹೊಂದಬೇಕು ಎಂದು ಮಹಾಸಭೆಯಲ್ಲಿ ಠರಾವು ಮಾಡಿಸಿ ಮೇಲಕ್ಕೆ ಕಳಿಸುವ ಹಕ್ಕು ಅವನಿಗಿದೆ. ಆದರೆ ಆ ಹೊತ್ತಿಗೆ ಊಟದ ಸಾಲು ಶುರುವಾಗಿರುತ್ತದೆ.

ಮಹಾಸಭೆಯಲ್ಲಿ ಎದ್ದು ನಿಲ್ಲುವುದು ಕಷ್ಟ, ಅದು ನನಗೆ ಗೊತ್ತಿದೆ. ಅಧ್ಯಕ್ಷರು ನಿಮ್ಮ ಮಾವನ ಸ್ನೇಹಿತರಾಗಿರುತ್ತಾರೆ, ನಿಮ್ಮ ಮನೆಯ ಗೃಹಪ್ರವೇಶಕ್ಕೆ ಬಂದು ಉಡುಗೊರೆ ಕೊಟ್ಟಿರುತ್ತಾರೆ. ಸುಸ್ತಿ ಎಷ್ಟು ಎಂದು ಕೇಳಿದರೆ ‘ನಮ್ಮ ಮೇಲೆ ನಂಬಿಕೆ ಇಲ್ಲವೇ?’ ಎಂಬ ಮಾತು ಬರುತ್ತದೆ. ಒಂದು ಊರಿನಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ಇದಕ್ಕೆ ಕೊಟ್ಟ ಉತ್ತರ ನನಗೆ ಬಹಳ ಹಿಡಿಸಿತು: ‘ನಂಬಿಕೆ ಇದೆ, ಅದಕ್ಕೇ ಹಣ ಇಟ್ಟಿದ್ದೇನೆ. ಈಗ ಲೆಕ್ಕ ಹೇಳಿ.’ ಆ ವರ್ಷ ಸುಸ್ತಿದಾರರ ಪಟ್ಟಿ ಸಭೆಯಲ್ಲಿ ಓದಲಾಯಿತು.

ಇನ್ನು ಪ್ರಶ್ನೆಗಳು.

ಅವಧಿ ಮುಗಿದರೂ ಠೇವಣಿ ಕೊಡುತ್ತಿಲ್ಲ, ಇವತ್ತು ನಾಳೆ ಎನ್ನುತ್ತಿದ್ದಾರೆ, ಎಲ್ಲಿಗೆ ಹೋಗಬೇಕು ಎಂದು ಒಬ್ಬರು ಕೇಳಿದರು. ಮೊದಲು ಬರಹದಲ್ಲಿ ಕೇಳಿ, ಸ್ವೀಕೃತಿ ಪಡೆಯಿರಿ. ಬಾಯಿಮಾತಿನಲ್ಲಿ ಎಷ್ಟು ಸಲ ಕೇಳಿದರೂ ಲೆಕ್ಕಕ್ಕಿಲ್ಲ. ಆಮೇಲೆ ಸಹಕಾರ ಸಂಘಗಳ ಸಹಾಯಕ ನಿಬಂಧಕರಿಗೆ ದೂರು ಕೊಡಿ. 1959ರ ಕಾಯ್ದೆಯ ಸಂಘವಾದರೆ 70ನೇ ಕಲಮಿನಡಿ ದಾವೆ ಹೂಡಬಹುದು. ಗ್ರಾಹಕರ ಆಯೋಗದ ಬಾಗಿಲೂ ತೆರೆದಿದೆ. ತಮಿಳುನಾಡಿನ ತಿರುಮುರುಗನ್ ಸಹಕಾರ ಕೃಷಿ ಪತ್ತಿನ ಸಂಘದ ಪ್ರಕರಣದಲ್ಲಿ, ಸಹಕಾರ ಕಾಯ್ದೆಯಲ್ಲಿ ಪರಿಹಾರವಿದ್ದರೂ ಸದಸ್ಯರು ಗ್ರಾಹಕರ ವೇದಿಕೆಗೆ ಹೋಗಲು ಅಡ್ಡಿಯಿಲ್ಲ ಎಂದು ಸುಪ್ರೀಂ ಕೋರ್ಟ್ 2003ರ ಡಿಸೆಂಬರ್‌ನಲ್ಲಿ ಹೇಳಿತು. ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್, ಅಂದರೆ ಗ್ರಾಹಕರ ದೂರು ವಿಚಾರಿಸುವ ಅಧಿಕಾರಿಯ, ಹತ್ತಿರ ಹೋಗಿ ಸಮಯ ಕಳೆಯಬೇಡಿ, ಪತ್ತಿನ ಸಂಘಗಳು ಅವರ ವ್ಯಾಪ್ತಿಯಲ್ಲಿಲ್ಲ.

‘ಹಾಗಾದರೆ ಸೊಸೈಟಿಯಿಂದ ಹಣ ತೆಗೆದುಬಿಡಬೇಕೇ?’ ಎಂಬುದು ಹಿಂದಿನ ಸಾಲಿನಿಂದ ಬಂದ ಪ್ರಶ್ನೆ. ಬೇಡ. ನನ್ನ ಹಣವೂ ಸೊಸೈಟಿಯಲ್ಲಿದೆ, ಆದರೆ ಎಲ್ಲವೂ ಅಲ್ಲಿಲ್ಲ. ಹೋದರೆ ಬದುಕೇ ನಿಲ್ಲುತ್ತದೆ ಎಂಬಂಥ ಮೊತ್ತವನ್ನು ವಿಮೆ ಇಲ್ಲದ ಕಡೆ ಇಡಬೇಡಿ. ಬೇರೆಲ್ಲರಿಗಿಂತ ಎರಡು ಮೂರು ಶೇಕಡಾ ಹೆಚ್ಚು ಬಡ್ಡಿ ಕೊಡುವ ಸಂಘ ಆ ಬಡ್ಡಿಯನ್ನು ಯಾರಿಂದ ದುಡಿಯುತ್ತಿದೆ ಎಂದು ಯೋಚಿಸಿ. ಬೇರೆ ಎಲ್ಲಿಯೂ ಸಾಲ ಹುಟ್ಟದವನು ಮಾತ್ರ ಅಷ್ಟು ದುಬಾರಿ ಸಾಲಕ್ಕೆ ಒಪ್ಪುತ್ತಾನೆ.

ಕೊನೆಯದು ತರಕಾರಿ ಅಂಗಡಿ ನಡೆಸುವ ತಾಯಿಯೊಬ್ಬರ ಪ್ರಶ್ನೆ. ಪಿಗ್ಮಿ ಹಣ ಕೊಡುತ್ತೇನೆ, ಏಜೆಂಟ್ ಅದನ್ನು ಕಟ್ಟುತ್ತಾರೋ ಇಲ್ಲವೋ ತಿಳಿಯುವುದು ಹೇಗೆ ಎಂದರು. ಅಮ್ಮಾ, ಈಗ ಬಹಳಷ್ಟು ಕಡೆ ಏಜೆಂಟರ ಕೈಯಲ್ಲಿ ರಸೀದಿ ಕೊಡುವ ಸಣ್ಣ ಯಂತ್ರವಿದೆ. ಆ ಚೀಟಿ ಕೇಳಿ ಪಡೆಯಿರಿ, ಯಂತ್ರವಿಲ್ಲದಿದ್ದರೆ ಕಾರ್ಡಿನಲ್ಲಿ ಅವತ್ತೇ ಬರೆಸಿ ಸಹಿ ಹಾಕಿಸಿ, ‘ನಾಳೆ ಬರೆಯುತ್ತೇನೆ’ ಎಂದರೆ ಹಣವನ್ನೂ ನಾಳೆಯೇ ಕೊಡಿ. ಯಂತ್ರದ ಚೀಟಿಯ ಶಾಯಿ ಬೇಗ ಮಾಸುತ್ತದೆ, ಹಾಗಾಗಿ ತಿಂಗಳಿಗೊಮ್ಮೆ ನೀವೇ ಕಚೇರಿಗೆ ಹೋಗಿ ಪಾಸ್‌ಬುಕ್ಕಿನಲ್ಲಿ ಮೊತ್ತ ನಮೂದಿಸಿಕೊಳ್ಳಿ. ಏಜೆಂಟರ ಕೈಯಲ್ಲಿ ಪಾಸ್‌ಬುಕ್ ಕಳಿಸಬೇಡಿ.